ನಾಯಿ ಬೇರೆ, ಸೀಳುನಾಯಿ ಬೇರೆ ಸ್ವಾಮಿ!

ಬೆಂಗಳೂರಿನ ಸಾಹುಕಾರರು ಸಾಕುವ ಹಸ್ಕಿ ನೋಡೋಕೆ ಥೇಟ್ ತೋಳ. ಗುಣ ಮಾತ್ರ ನಾಯಿಯದೇ. ಕೊಳ್ಳೇಗಾಲ ಬಸ್ ಸ್ಟ್ಯಾಂಡಿನಲ್ಲಿ ಬನ್ನಿಗೆ ಬಾಲ ಆಡಿಸುವ ಬೀದಿನಾಯಿಯಂತೆ ಅದೂ ತೋಳದ ವಂಶದ್ದು, ಮನುಷ್ಯನ ತುತ್ತಿಗೆ ಪಳಗಿದ್ದು.

ಹನೂರು, ಯಳಂದೂರು ಕಾಡಿನ ಸೀಳುನಾಯಿಯದು ಬೇರೆ ಕುಲ. ಬೊಗಳೋದಿಲ್ಲ, ಸಿಳ್ಳೆ ಹಾಕುತ್ತೆ. ಕೆಳದವಡೆಯಲ್ಲಿ ಹಲ್ಲೂ ನಾಯಿಗಿಂತ ಕಡಿಮೆ. ಊರನಾಯಿಯ ನೆಂಟಸ್ತನ ಅದಕ್ಕಿಲ್ಲ. ಕಾಯಿಲೆ ಮಾತ್ರ ಅಂಟುತ್ತೆ. ಹುಚ್ಚು, ಡಿಸ್ಟೆಂಪರ್ ಹೊಕ್ಕರೆ ಇಡೀ ಗುಂಪೇ ಹೋದೀತು.

ಒಂದು ಕಾಲಕ್ಕೆ ಸೀಳುನಾಯಿ ಕೊಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿತ್ತು. 1972ರ ಕಾಯ್ದೆ ಕೋವಿಗೆ ಅಡ್ಡ ಬಂತು, ರೋಗಕ್ಕೆ ಯಾರು ಅಡ್ಡ ಬರೋರು? ಬೇಡದ ಮರಿಗಳನ್ನು ಬೆಟ್ಟದ ರಸ್ತೆಯಲ್ಲಿ ಬಿಟ್ಟು ಬರೋದು ಪುಣ್ಯವಲ್ಲ. ಕಾಡಂಚಿನ ಊರುಗಳ ನಾಯಿಗಳಿಗೆ ಪಶು ವೈದ್ಯರು ವರ್ಷ ವರ್ಷ ಚುಚ್ಚುಮದ್ದು ಹಾಕಲಿ.