ಪಾಸ್‌ಬುಕ್ ಯಾರ ಹೆಸರಿನಲ್ಲಿದೆ?

ಅಸಹಾಯಕರ ಅಪರೂಪದ ಪ್ರತಿಭೆಯನ್ನು ಜನರ ಮುಂದೆ ತಂದು ದುಡ್ಡು ಮಾಡಿಕೊಂಡವರು, ತಾವು ಅವರಿಗೆ ಉಪಕಾರ ಮಾಡಿದ್ದೇವೆಂದು ಹೇಳಿಕೊಳ್ಳುವುದು ಇನ್ನಾದರೂ ನಿಲ್ಲಬೇಕು. ಬೆಳಕಿಗೆ ತಂದೆವು, ವೇದಿಕೆ ಕೊಟ್ಟೆವು, ನಾಲ್ಕು ಜನ ಗುರುತಿಸುವಂತೆ ಮಾಡಿದೆವು ಎನ್ನುವ ಮಾತುಗಳೆಲ್ಲ ನಿಜವೇ ಇರಬಹುದು. ಬಂದ ಹಣ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಅವು ಉತ್ತರವಾಗುವುದಿಲ್ಲ.

ದಂಡಿಗನಹಳ್ಳಿ ಹೋಬಳಿಯಲ್ಲಾಗಲಿ, ಆಚೆಯ ಹೊಳೆನರಸೀಪುರ, ಅರಕಲಗೂಡಿನ ಕಡೆಯಲ್ಲಾಗಲಿ, ಊರಿಗೊಬ್ಬರಾದರೂ ಇಂಥವರು ಸಿಗುತ್ತಾರೆ. ಕಣ್ಣು ಕಾಣದಿದ್ದರೂ ಒಮ್ಮೆ ಕೇಳಿದ ಪದವನ್ನು ಒಂದಕ್ಷರ ತಪ್ಪದೆ ಹಾಡುವ ಹೆಂಗಸು. ಸರಿಯಾಗಿ ಮಾತು ಬಾರದಿದ್ದರೂ ಯಾವ ತಾರೀಖು ಕೇಳಿದರೂ ಅಂದು ಯಾವ ವಾರವಿತ್ತೆಂದು ಥಟ್ಟನೆ ಹೇಳುವ ಹುಡುಗ. ಹಿಂದೆ ಅರಳಿಕಟ್ಟೆಯ ಮೇಲೆ ಕೂತವರು ಇವರನ್ನು ಕರೆದು ಕೇಳಿ, ಖುಷಿಪಟ್ಟು, ಕಾಫಿ ಕೊಡಿಸಿ ಕಳಿಸುತ್ತಿದ್ದರು. ಅದರಲ್ಲೂ ಒಂದಿಷ್ಟು ಗೇಲಿ ಇರುತ್ತಿತ್ತು, ಇಲ್ಲವೆನ್ನುವಂತಿಲ್ಲ. ಈಗ ಕಟ್ಟೆಯ ಜಾಗಕ್ಕೆ ಮೊಬೈಲು ಬಂದಿದೆ. ‘ಇನ್ನೊಂದ್ಸಲ ಹೇಳಣ್ಣ, ಈ ಕಡೆ ನೋಡ್ಕೊಂಡ್ ಹೇಳು’ ಎಂದು ಆಡಿಸಿ, ಹರಿದ ಅಂಗಿಯೇ ಇರಲೆಂದು ಹಾಗೆಯೇ ನಿಲ್ಲಿಸಿ, ಹಿನ್ನೆಲೆಗೆ ಕರುಣೆಯ ಸಂಗೀತ ಸೇರಿಸಿ ಬಿಡುತ್ತಾರೆ. ಲಕ್ಷಾಂತರ ಜನ ನೋಡುತ್ತಾರೆ. ಜಾಹೀರಾತಿನ ಹಣ ಚಿತ್ರೀಕರಿಸಿದವನ ಖಾತೆಗೆ ಬೀಳುತ್ತದೆ. ಹೇಳಿದವನಿಗೆ ಅದೇ ಕಾಫಿ.

ಇದು ಮೊಬೈಲಿನೊಂದಿಗೆ ಹುಟ್ಟಿದ ರೋಗವಲ್ಲ. ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಕಥೆಗಳಲ್ಲೇ ಅದು ಅಡಗಿದೆ. 1929ರಲ್ಲಿ ಬೆಂಗಳೂರಿನ ಕನ್ನಡ ಕುಟುಂಬದಲ್ಲಿ ಹುಟ್ಟಿದ ಶಕುಂತಲಾದೇವಿಯನ್ನೇ ತೆಗೆದುಕೊಳ್ಳಿ. ತಂದೆ ಸರ್ಕಸ್ಸಿನ ಕಲಾವಿದ. ಮೂರು ವರ್ಷದ ಮಗಳೊಂದಿಗೆ ಇಸ್ಪೀಟಿನ ಆಟ ಆಡುತ್ತಿದ್ದಾಗ ಅವಳ ನೆನಪಿನ ಶಕ್ತಿ ಅವರ ಕಣ್ಣಿಗೆ ಬಿತ್ತು. ಸರ್ಕಸ್ ಬಿಟ್ಟರು, ಮಗಳನ್ನು ಕರೆದುಕೊಂಡು ಊರೂರು ತಿರುಗಿ ಪ್ರದರ್ಶನ ಕೊಡಿಸಿದರು. ಆರನೆಯ ವಯಸ್ಸಿಗೆ ಆಕೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಲೆಕ್ಕ ಬಿಡಿಸಿ ತೋರಿಸಿದ್ದಳು. 1944ರಲ್ಲಿ ತಂದೆಯೊಂದಿಗೆ ಲಂಡನ್ನಿಗೆ ಹೋದಳು. 1980ರ ಜೂನ್ 18ರಂದು ಅಲ್ಲಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದ್ದು ಗಿನ್ನೆಸ್ ಪುಸ್ತಕ ಸೇರಿತು. ಇದಿಷ್ಟು ಎಲ್ಲರ ಬಾಯಲ್ಲೂ ಇದೆ. ಇಂಥ ತಲೆಯಿದ್ದ ಹುಡುಗಿಗೆ ಕ್ರಮವಾದ ಶಾಲಾ ಶಿಕ್ಷಣವೇ ಸಿಗಲಿಲ್ಲ ಎಂಬುದನ್ನು ಮಾತ್ರ ಬದಿಗಿಡುತ್ತೇವೆ. ವಿಶ್ವವಿದ್ಯಾನಿಲಯ ಅವಳನ್ನು ನೋಡಿ ಬೆರಗಾಯಿತು. ಶಾಲೆಯ ಬೆಂಚು ಅವಳಿಗಾಗಿ ಕಾಯಲಿಲ್ಲ. ಮನೆಯ ಒಲೆ ಉರಿಯಲು ಮಗುವಿನ ದುಡಿಮೆ ಬೇಕಿತ್ತು.

ತಂದೆ ದುಷ್ಟನೆಂದು ಹೇಳುತ್ತಿಲ್ಲ. ಬಡತನ ಏನೆಲ್ಲ ಮಾಡಿಸುತ್ತದೆಂದು ಈ ಸೀಮೆಯ ಯಾರಿಗೂ ವಿವರಿಸಬೇಕಾಗಿಲ್ಲ. ಆದರೆ ಹೆತ್ತವರ ಪ್ರೀತಿ ಲೆಕ್ಕಪತ್ರಕ್ಕೆ ಬದಲಿಯಾಗದು. ಪ್ರೀತಿಸುವವರೂ ಮಗುವಿನ ಬಾಲ್ಯವನ್ನು ಮಾರಿಬಿಡಬಲ್ಲರು, ಮಾರುತ್ತಿದ್ದೇವೆಂಬ ಅರಿವೂ ಇಲ್ಲದೆ.

ಅಮೆರಿಕದ ‘ಬ್ಲೈಂಡ್ ಟಾಮ್’ ಕಥೆ ಇನ್ನೂ ಕ್ರೂರ. 1849ರಲ್ಲಿ ಜಾರ್ಜಿಯಾದಲ್ಲಿ ಗುಲಾಮಳ ಮಗನಾಗಿ, ಹುಟ್ಟುಕುರುಡನಾಗಿ ಬಂದ ಈತ ಒಮ್ಮೆ ಕೇಳಿದ್ದನ್ನು ಪಿಯಾನೋದಲ್ಲಿ ಹಾಗೆಯೇ ನುಡಿಸುತ್ತಿದ್ದ. ಒಡೆಯ ಜೇಮ್ಸ್ ಬೆಥ್ಯೂನ್ ಈ ಬಾಲಕನನ್ನು ಪ್ರದರ್ಶನದ ವ್ಯಾಪಾರಿಯೊಬ್ಬನಿಗೆ ಬಾಡಿಗೆಗೆ ಕೊಟ್ಟ. 1860ರಲ್ಲಿ ಅವನು ಶ್ವೇತಭವನದಲ್ಲೂ ನುಡಿಸಿದ. ಗುಲಾಮಗಿರಿ ರದ್ದಾಯಿತು, ಟಾಮ್ ಮಾತ್ರ ಬಿಡುಗಡೆಯಾಗಲಿಲ್ಲ. ಬುದ್ಧಿ ಸ್ಥಿಮಿತದಲ್ಲಿಲ್ಲದವನು ಎಂಬ ಕಾರಣ ಮುಂದೆ ಮಾಡಿ, ಪೋಷಕತ್ವದ ಹೆಸರಿನಲ್ಲಿ ಅದೇ ಕುಟುಂಬ ಅವನನ್ನು ಇಟ್ಟುಕೊಂಡಿತು. ಸಂಪತ್ತು ಅವರದಾಯಿತು. ಸಂಕೋಲೆಗೆ ಅವರು ಕೊಟ್ಟ ಹೊಸ ಹೆಸರು ರಕ್ಷಣೆ.

ನಮ್ಮಲ್ಲಿಯೂ ಇದೇ ಮಾತು ಕೇಳಿಬಂದಿದೆ. 2006ರ ಮೇ 2ರಂದು ನಾಲ್ಕು ವರ್ಷದ ಬುಧಿಯಾ ಸಿಂಗ್‌ನನ್ನು ಪುರಿಯಿಂದ ಭುವನೇಶ್ವರದ ಕಡೆಗೆ ಸುಡುಬಿಸಿಲಿನ ತಿಂಗಳಿನಲ್ಲಿ 65 ಕಿಲೋಮೀಟರ್ ಓಡಿಸಿದಾಗಲೂ, ಸ್ಲಮ್ಮಿನ ಹುಡುಗನನ್ನು ಎತ್ತಿ ಹಿಡಿದೆವೆಂದೇ ಹೇಳಲಾಯಿತು. ಹುಡುಗ ದಾರಿಯಲ್ಲಿ ಕುಸಿದ ಮೇಲೆಯೇ ದೇಶ ಎಚ್ಚೆತ್ತದ್ದು. ಇನ್ನು ಕರ್ನಾಟಕ. ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಯಿಂದ ‘ಹಳ್ಳಿ ಹೈದ ಪ್ಯಾಟೆಗ್ ಬಂದ’ ಕಾರ್ಯಕ್ರಮಕ್ಕೆ ಬಂದು ಗೆದ್ದ ಯುವಕ ರಾಜೇಶ್‌ನನ್ನು ನಾಡು ಟಿ.ವಿ. ಮುಂದೆ ಕೂತು ನೋಡಿ ನಕ್ಕಿತು. ಸಿನಿಮಾದ ನಾಯಕನಾದ, ಮಾನಸಿಕ ಚಿಕಿತ್ಸೆ ಪಡೆದ, 2013ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಹಡಿಯಿಂದ ಬಿದ್ದು ತೀರಿಕೊಂಡ. ಆ ಸಾವಿಗೆ ಇಂಥವರೇ ಹೊಣೆ ಎಂದು ಹೇಳುವ ಅಧಿಕಾರ ನಮಗಿಲ್ಲ, ಹೇಳುವುದೂ ಇಲ್ಲ. ಆದರೆ ಒಬ್ಬ ಮನುಷ್ಯನನ್ನು ಅವನ ಜಗತ್ತಿನಿಂದ ಕಿತ್ತು ತಂದವರು, ಕಾರ್ಯಕ್ರಮ ಮುಗಿದ ಮಾರನೆಯ ದಿನದಿಂದ ಅವನ ಗತಿಯೇನೆಂದು ಯೋಚಿಸಬೇಕಲ್ಲವೇ? ಆ ಯೋಚನೆ ನೋಡಿದ ನಮಗೂ ಬರಲಿಲ್ಲ.

ಹಾಗಾದರೆ ಇಂಥವರ ಪ್ರತಿಭೆಯಿಂದ ಹಣ ಹುಟ್ಟಲೇಬಾರದೇ? ಖಂಡಿತ ಹುಟ್ಟಬೇಕು. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಊರೂರು ತಿರುಗಿ ಸಂಗೀತ ಕಲಿಸಿದರು, ನಾಟಕ ಕಂಪನಿಯನ್ನೂ ನಡೆಸಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಹೊರೆ ಹೊತ್ತರು. ಅಲ್ಲಿಯೂ ಟಿಕೆಟ್ ಮಾರಿದರು, ಕಣ್ಣಿಲ್ಲದವರು ಜನರೆದುರು ಹಾಡಿದರು. ಆದರೆ ಬಂದ ಹಣ ಅದೇ ಮಕ್ಕಳ ಊಟದ ತಟ್ಟೆಗೆ ಬಂತು, ವಿದ್ಯೆಗೆ ಬಂತು. ಹಾಡುವುದು ಅವರ ಕೈಹಿಡಿಯುವ ಕಸುಬಾಯಿತು. ಮುಂದೆ ನಿಂತು ನಡೆಸಿದವನೂ ಅವರಂತೆಯೇ ಅಂಧ, ಅವರೊಂದಿಗೇ ಉಂಡವನು. ದಾಸೋಹಕ್ಕೂ ದಂಧೆಗೂ ಇರುವ ಅಂತರ ಇದು.

ಕಾನೂನು ಈ ಬಗ್ಗೆ ಅರ್ಧ ದಾರಿಯವರೆಗೆ ಬಂದಿದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ, 2017ರಲ್ಲಿ ನಿಯಮಗಳು ಬಂದವು. ಹದಿನಾಲ್ಕು ತುಂಬದ ಕಲಾವಿದರನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಬಿಡುವಿಲ್ಲದೆ ಮೂರು ಗಂಟೆ ಮೀರುವಂತಿಲ್ಲ. ನಿರ್ಮಾಪಕರು ಜಿಲ್ಲಾ ದಂಡಾಧಿಕಾರಿಯ ಅನುಮತಿ ಪಡೆಯಬೇಕು. ಮಗುವಿಗೆ ಇಷ್ಟವಿಲ್ಲದಿದ್ದರೆ ಕುಣಿಸುವಂತಿಲ್ಲ. ದುಡಿಮೆಯ ಕನಿಷ್ಠ ಶೇ 20ನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೆ ನಿಶ್ಚಿತ ಠೇವಣಿ ಇಡಬೇಕು. ಒಳ್ಳೆಯದೇ. ಆದರೆ ಐದರಲ್ಲೊಂದು ಪಾಲು ಎನ್ನುವುದು ಏನು ಲೆಕ್ಕ? ಹಾಡುವ ಗಂಟಲು ಮಗುವಿನದು, ಉಳಿದ ನಾಲ್ಕು ಪಾಲಿನ ಬಗ್ಗೆ ಮಾತೇ ಇಲ್ಲ. ವಯಸ್ಸು ದಾಟಿಯೂ ತಮ್ಮ ವ್ಯವಹಾರ ತಾವು ನೋಡಿಕೊಳ್ಳಲಾಗದವರಿಗಂತೂ ಇಂಥ ಠೇವಣಿಯ ಕಟ್ಟುಪಾಡು ಈ ನಿಯಮಗಳಲ್ಲಿಲ್ಲ.

ಆದ್ದರಿಂದ ನಮ್ಮ ನಿಲುವು ಸ್ಪಷ್ಟ. ಅಸಹಾಯಕರ ಪ್ರತಿಭೆಯಿಂದ ಬಂದ ಆದಾಯದ ದೊಡ್ಡ ಪಾಲು ಅವರ ಹೆಸರಿನ ಖಾತೆಯಲ್ಲೇ ಇರಬೇಕು, ಕರೆತಂದವನಿಗೆ ಸಲ್ಲುವುದು ಅವನ ಕೆಲಸಕ್ಕೆ ತಕ್ಕ ಕೂಲಿ ಮಾತ್ರ. ಒಲ್ಲೆ ಎಂದ ದಿನ ನಿಲ್ಲಿಸಬೇಕು. ಮಾತು ಬಾರದವರು ಒಲ್ಲೆ ಎನ್ನುವುದನ್ನು ಮುಖ ನೋಡಿ ತಿಳಿಯಬೇಕು, ತಿಳಿಯಲಾರದವನು ಆ ಕೆಲಸಕ್ಕೆ ಕೈ ಹಾಕಬಾರದು. ಇದನ್ನು ಒಪ್ಪದವರು, ಅಪ್ಪನೇ ಆಗಿರಲಿ, ಚಾನೆಲ್ಲಿನವರೇ ಆಗಿರಲಿ, ಶೋಷಕರು.

ಜಾತ್ರೆ, ಗಣಪತಿ ಉತ್ಸವದ ಸಮಿತಿಗಳು ಇದನ್ನು ನಾಳೆಯಿಂದಲೇ ಪಾಲಿಸಬಹುದು: ಹಾಡಿನ ಸಂಭಾವನೆಯನ್ನು ಕರೆತಂದವನ ಕೈಗೆ ಕೊಡದೆ ಹಾಡಿದವರ ಖಾತೆಗೆ ಹಾಕಿ. ಓದುಗರೂ ಇಂಥ ವಿಡಿಯೊವನ್ನು ನಾಲ್ಕು ಜನರಿಗೆ ಕಳಿಸುವ ಮೊದಲು, ಹಣ ಯಾರಿಗೆ ಹೋಗುತ್ತಿದೆ ಎಂದು ಅದರ ಕೆಳಗೇ ಕೇಳಿ. ಶೋಷಣೆ ಎಂದು ಅನುಮಾನ ಬಂದರೆ, ಮಕ್ಕಳ ವಿಷಯದಲ್ಲಿ 1098ಕ್ಕೆ ಕರೆ ಮಾಡಿ. ಅಂಗವಿಕಲರ ವಿಷಯವಾದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 7ನೇ ಕಲಮಿನಡಿ ಕಾರ್ಯನಿರ್ವಾಹಕ ದಂಡಾಧಿಕಾರಿಗೆ, ಅಂದರೆ ತಾಲ್ಲೂಕಿನ ತಹಶೀಲ್ದಾರರಿಗೆ ಬರೆದುಕೊಡಿ. ಹಾಗೆ ಮಾಹಿತಿ ಕೊಡಲು ಅವರ ಬಂಧುವೇ ಆಗಿರಬೇಕೆಂಬ ನಿಯಮವಿಲ್ಲ, ಯಾರು ಬೇಕಾದರೂ ಕೊಡಬಹುದು.