ಟ್ಯೂಬಿನಲ್ಲಿ ಉಬ್ಬಿದ ಪ್ಲೇಟ್‌ಲೆಟ್

ಪರಿಚಿತರೊಬ್ಬರು ಬೆಳಿಗ್ಗೆಯೇ ರಕ್ತಪರೀಕ್ಷೆಯ ವರದಿ ಹಿಡಿದು ಮನೆಗೆ ಬಂದರು. ಸಿಬಿಸಿ ಪಟ್ಟಿಯಲ್ಲಿ ಪ್ಲೇಟ್‌ಲೆಟ್ ಎಣಿಕೆಯ ಕೆಳಗೆ ‘ಎಂಪಿವಿ’ ಎಂಬ ಸಾಲು, ಅದರ ಮುಂದೆ 12.1, ಪಕ್ಕದಲ್ಲಿ ದಪ್ಪಕ್ಷರದ ‘ಎಚ್’. ರಾತ್ರಿಯೆಲ್ಲ ಮೊಬೈಲಿನಲ್ಲಿ ಹುಡುಕಾಡಿ, ಇದು ಲಕ್ವ ಹೊಡೆಯುವ ಮುನ್ಸೂಚನೆ ಎಂದು ಓದಿಕೊಂಡಿದ್ದರು. ಪ್ಲೇಟ್‌ಲೆಟ್ ಎಂದರೆ ನಮಗೆ ನೆನಪಾಗುವುದು ಡೆಂಗಿ, ಕುಸಿಯುವ ಕೌಂಟು, ಪರಂಗಿ ಎಲೆಯ ರಸ. ಅದು ಅತಿಯಾಗಿ ಚುರುಕಾದರೂ ಕಷ್ಟ ಎಂಬ ಭಯ ಹೊಸದು.

ಅವರು ಓದಿದ್ದು ಪೂರ್ತಿ ಸುಳ್ಳಲ್ಲ. ಎಂಪಿವಿ ಎಂದರೆ ಪ್ಲೇಟ್‌ಲೆಟ್‌ಗಳ ಸರಾಸರಿ ಗಾತ್ರ. ದೊಡ್ಡವು ಸಾಮಾನ್ಯವಾಗಿ ಹೆಚ್ಚು ಚುರುಕು. ಮೊದಲೇ ಒಮ್ಮೆ ಪಾರ್ಶ್ವವಾಯುವಿಗೆ ತುತ್ತಾದವರ ‘ಪ್ರೋಗ್ರೆಸ್’ ಅಧ್ಯಯನದಲ್ಲಿ, ಗಾತ್ರ ಒಂದು ಫೆಮ್ಟೊಲೀಟರ್ ಹೆಚ್ಚಿದಂತೆಲ್ಲ ಮತ್ತೆ ಹಾಗಾಗುವ ಅಪಾಯ ಶೇ 11ರಷ್ಟು ಹೆಚ್ಚಿತ್ತು. ಆದರೆ ಸಿಬಿಸಿಗೆ ರಕ್ತ ತುಂಬುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುತ್ತದೆ. ಅದರೊಳಗೆ ಪ್ಲೇಟ್‌ಲೆಟ್ ನಿಂತಲ್ಲೇ ಉಬ್ಬುತ್ತದೆ, ಮೊದಲ ಒಂದೆರಡು ಗಂಟೆಯಲ್ಲಂತೂ ಚೆನ್ನಾಗಿಯೇ. ಮನೆಗೆ ಬಂದು ರಕ್ತ ತೆಗೆದ ಹುಡುಗ ಇನ್ನೂ ಐದಾರು ಮನೆ ಸುತ್ತಿ, ಬೈಕಿನ ಡಬ್ಬಿಯಲ್ಲಿ ಟ್ಯೂಬುಗಳನ್ನು ಹೊತ್ತು ಲ್ಯಾಬ್ ಮುಟ್ಟಿದನೆಂದರೆ, ಆ ‘ಎಚ್’ ರಕ್ತದ್ದೋ ಟ್ರಾಫಿಕ್ಕಿನದ್ದೋ ಹೇಳುವವರು ಯಾರು?

ಪ್ಲೇಟ್‌ಲೆಟ್ ಕೆರಳಿದ್ದನ್ನು ಹೇಳುವ ಸೂಚಕಗಳೆಲ್ಲದರ ಪಾಡೂ ಹೆಚ್ಚುಕಡಿಮೆ ಇದೇ. ಸಂಶೋಧಕರಿಗೆ ಅವು ಬೇಕು. ಹೆಲ್ತ್ ಚೆಕಪ್ ಪ್ಯಾಕೇಜಿಗೆ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ಲೇಟ್‌ಲೆಟ್‌ನ ಆಯುಸ್ಸು ಏಳರಿಂದ ಹತ್ತು ದಿನ. ಕತ್ತಿನ ರಕ್ತನಾಳದಲ್ಲಿ ಕಟ್ಟಿಕೊಂಡ ಕೊಬ್ಬಿನ ಗಡ್ಡೆ ಬಿರಿದರೆ ಅಲ್ಲಿಗೆ ಅಂಟಿಕೊಂಡು, ತನ್ನ ಒಳಚೀಲಗಳಲ್ಲಿರುವ ಪ್ರೋಟೀನುಗಳನ್ನು ಹೊರಚೆಲ್ಲುತ್ತದೆ. ಚೆಲ್ಲಿದ್ದನ್ನು ಅಳೆದರೆ ಒಳಗಿನ ಗಲಾಟೆ ತಿಳಿದೀತು ಎಂಬುದು 1970ರ ದಶಕದ ಲೆಕ್ಕಾಚಾರ. ತೊಡಕೆಂದರೆ, ರಬ್ಬರ್ ಪಟ್ಟಿ ಬಿಗಿಯಾಗಿ ಕಟ್ಟಿದರೂ ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದರೂ ಟ್ಯೂಬು ಕುಲುಕಿದರೂ ಅದು ಕೆರಳುತ್ತದೆ.

ಇದಕ್ಕೊಂದು ಜಾಣ ಉಪಾಯ ಹುಡುಕಿದರು. ಬೀಟಾ ಥ್ರಾಂಬೊಗ್ಲೋಬ್ಯುಲಿನ್, ಪ್ಲೇಟ್‌ಲೆಟ್ ಫ್ಯಾಕ್ಟರ್ 4 ಎರಡೂ ಒಂದೇ ಚೀಲದಿಂದ ಒಟ್ಟಿಗೇ ಹೊರಬೀಳುತ್ತವೆ. ಮೈಯೊಳಗೆ ಎರಡನೆಯದು ರಕ್ತನಾಳದ ಗೋಡೆಗೆ ಅಂಟಿ ನಿಮಿಷಗಳಲ್ಲಿ ಮಾಯ. ಮೊದಲನೆಯದು ಕಿಡ್ನಿ ತೆಗೆದುಹಾಕುವವರೆಗೂ ಸುತ್ತುತ್ತಿರುತ್ತದೆ. ಹಾಗಾಗಿ ಮೊದಲನೆಯದೊಂದೇ ಹೆಚ್ಚಿದ್ದರೆ ಘಟನೆ ನಡೆದದ್ದು ಮೈಯಲ್ಲಿ, ಎರಡೂ ಹೆಚ್ಚಿದ್ದರೆ ಸೂಜಿಯಲ್ಲಿ. ಪತ್ತೇದಾರಿ ಕಥೆಗೆ ಒಪ್ಪುವ ಸುಳಿವು. ಆದರೆ ಕಿಡ್ನಿ ಕೈಕೊಟ್ಟವರಲ್ಲಿ ಮೊದಲನೆಯದು ಸುಮ್ಮನೆ ಏರುತ್ತದೆ, ಹೆಪಾರಿನ್ ಕೊಟ್ಟರೆ ಎರಡನೆಯದು ಗೋಡೆ ಬಿಟ್ಟು ರಕ್ತಕ್ಕಿಳಿಯುತ್ತದೆ. ಪಾರ್ಶ್ವವಾಯು ವಾರ್ಡಿನಲ್ಲಿ ಸಕ್ಕರೆ ಕಾಯಿಲೆಯಿಂದ ಕಿಡ್ನಿ ಸೋತವರು ಅಪರೂಪವೇ?

ಇನ್ನೊಂದು ಸೂಚಕ ಪಿ-ಸೆಲೆಕ್ಟಿನ್‌ನ ಕಥೆ ಚಿಕ್ಕದು. ರಕ್ತದಲ್ಲಿ ಕರಗಿ ಹರಿಯುವ ಆ ಪ್ರೋಟೀನು ಪ್ಲೇಟ್‌ಲೆಟ್‌ನಿಂದಷ್ಟೇ ಅಲ್ಲ, ರಕ್ತನಾಳದ ಒಳಪದರದಿಂದಲೂ ಬರುತ್ತದೆ.

ಸೂಜಿಯ ಕಾಟವೇ ಇಲ್ಲದ್ದು ಮೂತ್ರ. ಪ್ಲೇಟ್‌ಲೆಟ್ ತಯಾರಿಸುವ ಥ್ರಾಂಬಾಕ್ಸೇನ್‌ನ ಪಳೆಯುಳಿಕೆ ಅಲ್ಲಿ ಸಿಗುತ್ತದೆ. ‘ಹೋಪ್’ ಅಧ್ಯಯನದ 2002ರ ವಿಶ್ಲೇಷಣೆಯಲ್ಲಿ, ಆಸ್ಪಿರಿನ್ ನುಂಗುತ್ತಿದ್ದರೂ ಈ ಅಂಶ ಅತಿ ಹೆಚ್ಚಿದ್ದ ಕಾಲು ಭಾಗದವರಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದ್ರೋಗದ ಸಾವಿನ ಅಪಾಯ, ಅತಿ ಕಡಿಮೆ ಇದ್ದವರಿಗಿಂತ 1.8 ಪಟ್ಟು ಇತ್ತು. ‘ಆಸ್ಪಿರಿನ್‌ಗೆ ಬಗ್ಗದವರು’ ಎಂಬ ಮಾತು ಹಬ್ಬಿತು. (ಬಗ್ಗದವರಲ್ಲಿ ಕೆಲವರು ಮಾತ್ರೆಯನ್ನೇ ನುಂಗಿರುವುದಿಲ್ಲ, ಅದು ಬೇರೆ ಮಾತು.)

ಹಾಗಾದರೆ ಪ್ಲೇಟ್‌ಲೆಟ್ ಪರೀಕ್ಷೆ ನೋಡಿ ಔಷಧ ಹೆಚ್ಚಿಸಿದರೆ ಜೀವ ಉಳಿಯುತ್ತದೆಯೇ? 2011ರ ‘ಗ್ರಾವಿಟಾಸ್’ ಪ್ರಯೋಗ ಕೇಳಿದ್ದು ಇದನ್ನೇ. ಸ್ಟೆಂಟ್ ಹಾಕಿಸಿಕೊಂಡು, ಕ್ಲೊಪಿಡೊಗ್ರೆಲ್ ತೆಗೆದುಕೊಂಡರೂ ಪ್ಲೇಟ್‌ಲೆಟ್ ತಣ್ಣಗಾಗದ 2,214 ಮಂದಿ. ಅರ್ಧ ಜನರಿಗೆ ದುಪ್ಪಟ್ಟು ಡೋಸ್. ಆರು ತಿಂಗಳ ಬಳಿಕ ಎರಡೂ ಗುಂಪಿನಲ್ಲಿ ಸಾವು, ಹೃದಯಾಘಾತ, ಸ್ಟೆಂಟ್ ಮುಚ್ಚಿಹೋದದ್ದು ಸೇರಿ ಶೇ 2.3. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಮಿದುಳಿನ ವಿಷಯದಲ್ಲಂತೂ ಇನ್ನೊಂದು ಗೋಜಲು. ಪೆಟ್ಟು ತಿಂದ ಮಿದುಳೇ ಪ್ಲೇಟ್‌ಲೆಟ್‌ಗಳನ್ನು ಕೆರಳಿಸುವುದರಿಂದ ವರದಿಯಲ್ಲಿ ಕಂಡದ್ದು ಕಾರಣವೋ ಪರಿಣಾಮವೋ ಬಿಡಿಸುವುದು ಕಷ್ಟ. ರಕ್ತಸ್ರಾವದ ಆಘಾತವಾಗಿದ್ದರೆ ಆಸ್ಪಿರಿನ್ ಕೊಡುವುದೇ ಅಪಾಯ. ಅದನ್ನು ಹೇಳುವುದು ಸಿ.ಟಿ. ಸ್ಕ್ಯಾನ್, ರಕ್ತದ ಟ್ಯೂಬಲ್ಲ.

ಟ್ಯೂಬಿನಲ್ಲಿ ಕದಲದ ಒಂದು ಸೂಚಕವಿದೆ, ಅದು ಜೀನ್. ಕ್ಲೊಪಿಡೊಗ್ರೆಲ್ ಕೆಲಸ ಮಾಡಬೇಕಾದರೆ ಯಕೃತ್ತಿನ ಒಂದು ಕಿಣ್ವ ಅದನ್ನು ಮಾರ್ಪಡಿಸಬೇಕು. ಆ ಕಿಣ್ವದ ಜೀನ್ ದುರ್ಬಲವಾಗಿರುವ 6,412 ರೋಗಿಗಳ ಮೇಲೆ ಚೀನಾದಲ್ಲಿ ನಡೆದ ‘ಚಾನ್ಸ್-2’ ಪ್ರಯೋಗ (2021) ಅರ್ಧ ಜನರಿಗೆ ಕ್ಲೊಪಿಡೊಗ್ರೆಲ್ ಬದಲು ಟಿಕಾಗ್ರೆಲರ್ ಎಂಬ ಔಷಧ ಕೊಟ್ಟು ನೋಡಿತು: 90 ದಿನಗಳಲ್ಲಿ ಹೊಸ ಪಾರ್ಶ್ವವಾಯು ಶೇ 7.6ರ ಬದಲು ಶೇ 6. ಭಾರತೀಯರಲ್ಲೂ ಈ ದುರ್ಬಲ ಜೀನ್ ಧಾರಾಳ. ಖರ್ಚು ಮಾಡುವುದಿದ್ದರೆ ಇಂಥ ಪ್ರಯೋಗವನ್ನು ನಮ್ಮ ಆಸ್ಪತ್ರೆಗಳಲ್ಲಿ ನಡೆಸಲು ಮಾಡಲಿ.

ಪರಿಚಿತರಿಗೆ ಇಷ್ಟೆಲ್ಲ ಹೇಳಲಿಲ್ಲ. ಮನೆಯಲ್ಲಿದ್ದ ಬಿಪಿ ಯಂತ್ರದ ಪಟ್ಟಿಯನ್ನು ಅವರ ತೋಳಿಗೆ ಸುತ್ತಿದೆ. 164/98. ಐದು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ನೋಡಿದರೆ 160/96. ಮಾತ್ರೆ ಬಿಟ್ಟು ಎಷ್ಟು ದಿನವಾಯಿತೆಂದು ಕೇಳಿದೆ. “ದೀಪಾವಳಿಯಿಂದ” ಎಂದರು. ವರದಿಯ ನಾಲ್ಕೂ ಪುಟಗಳಲ್ಲಿ ಬಿಪಿಗೊಂದು ಸಾಲಿರಲಿಲ್ಲ. ಅದರ ಪಕ್ಕ ‘ಎಚ್’ ಹಾಕುವವರೂ ಇರಲಿಲ್ಲ.