ಗೃಹಸ್ಥರ ಚಾವಡಿ: ಹೊಟೇಲಿನಲ್ಲಿ ಹೂಡಿದ ಸಂಸಾರ

ಬೇಸಿಗೆಯ ರಜೆ ಬಂದಿತೆಂದರೆ ನಮ್ಮ ಕಡೆಯ ತಾಯಂದಿರು ಮಕ್ಕಳನ್ನು ಕರೆದುಕೊಂಡು ತವರಿನ ದಾರಿ ಹಿಡಿಯುವದು ರೂಢಿ. ಏಪ್ರಿಲ್ ತಿಂಗಳ ಎರಡನೆಯ ವಾರಕ್ಕೆ ಶಾಲೆಯ ಬಾಗಿಲು ಮುಚ್ಚಿದರೆ ಮೇ ತಿಂಗಳ ಕೊನೆಯವರೆಗೆ ಮಕ್ಕಳ ಮೇಲಿನ ಅಧಿಕಾರವೆಲ್ಲ ಅಜ್ಜನದು, ಅಜ್ಜಿಯದು. ಈ ಸುಖಕ್ಕೆ ಎರವಾದ ಮನೆಗಳೂ ಕೆಲವು ಉಂಟು. ಯಜಮಾನನಿಗೆ ಉದ್ಯೋಗದ ನಿಮಿತ್ತ ಎರಡು ಮೂರು ತಿಂಗಳ ಮಟ್ಟಿಗೆ ಪರವೂರಿನ ಮುಕ್ಕಾಂ ಒದಗುವದು. ವರ್ಗವೇ ಆದರೆ ಸಾಮಾನು ಕಟ್ಟಿಕೊಂಡು ಮನೆಯನ್ನೇ ಎತ್ತಿಕೊಂಡು ಹೋಗಬಹುದು. ಮೂರು ತಿಂಗಳಿಗಾಗಿ ಯಾರು ಮನೆ ಮಾಡಿಯಾರು? ಹನ್ನೊಂದು ತಿಂಗಳ ಕರಾರಿಲ್ಲದೆ ಮನೆಯ ಒಡೆಯರು ಕೀಲಿಕೈ ಕೊಡುವದಿಲ್ಲ. ಆಗ ಉಳಿಯುವ ದಾರಿಗಳು ಎರಡೇ: ಯಜಮಾನನೊಬ್ಬನೇ ಹೋಗುವದು, ಇಲ್ಲವೆ ಸಂಸಾರವೆಲ್ಲ ಹೋಗಿ ಹೊಟೇಲಿನಲ್ಲಿ ಬಿಡಾರ ಹೂಡುವದು. ಎರಡನೆಯ ದಾರಿಯನ್ನು ಹಿಡಿದ ಒಂದು ಮನೆತನದ ಸಂಗತಿಯನ್ನು ಈ ತಿಂಗಳು ವಾಚಕರ ಮುಂದೆ ಇಡಬೇಕೆಂದಿರುವೆವು.

ಪರವೂರಿನ ಬಿಡಾರವು ಹೊಸ ಮಾತೇನೂ ಅಲ್ಲ. ಮುಂಬಯಿ ಆಧಿಪತ್ಯದ ದಿನಗಳಲ್ಲಿ ಧಾರವಾಡ ಜಿಲ್ಲೆಯ ಅಧಿಕಾರಿಗಳು ವರ್ಷದಲ್ಲಿ ಹಲವು ತಿಂಗಳು ಫಿರತಿಯಲ್ಲಿಯೇ ಇರುತ್ತಿದ್ದರು. ಡೇರೆ, ಬಂಡಿ, ಅಡುಗೆಯವರು, ದಫ್ತರ—ಇವೆಲ್ಲ ಊರಿಂದೂರಿಗೆ ಸಾಗುತ್ತಿದ್ದವು. ಸಾಹೇಬರೊಡನೆ ಮಡಮ್ಮನವರೂ ಡೇರೆಯಲ್ಲಿ ವಾಸಿಸುವದುಂಟು. ಆದರೆ ಅದೇ ಪರಿವಾರದಲ್ಲಿದ್ದ ಕಾರಕೂನನ ಹೆಂಡತಿಗೆ ಅಂತಹ ಯೋಗವಿರಲಿಲ್ಲ. ಅವನು ಗುಡಿಯ ಪೌಳಿಯಲ್ಲಿಯೋ ಕುಲಕರ್ಣಿಯ ಪಡಸಾಲೆಯಲ್ಲಿಯೋ ಮಲಗಿ, ಕಂಡವರ ಮನೆಯಲ್ಲಿ ಉಂಡು ದಿನ ನೂಕುತ್ತಿದ್ದನು. ಅವನ ಮಕ್ಕಳು ತಂದೆಯ ಮುಖವನ್ನು ಹಬ್ಬದ ದಿವಸ ಕಾಣುತ್ತಿದ್ದವು.

ನಾವು ಹೇಳುವ ಮನೆತನವು ವಿಜಾಪುರದ್ದು. ಯಜಮಾನನು ರೈಲುಮಾರ್ಗದ ಕಾಮಗಾರಿಗಳಲ್ಲಿ ಮೇಲ್ವಿಚಾರಕನು. ಹುಬ್ಬಳ್ಳಿ-ಚಿಕ್ಕಜಾಜೂರು ನಡುವಿನ ಒಂಟಿ ಹಳಿಯನ್ನು ಜೋಡಿಹಳಿಯಾಗಿ ಮಾಡುವ ಕೆಲಸ ನಡೆದಿದ್ದ ಕಾಲದಲ್ಲಿ ಅವನ ಪಾಲಿಗೆ ಕರ್ಜಗಿಯ ಸೀಮೆ ಬಂದಿತು. ಕರ್ಜಗಿಯೆಂದರೆ ಹುಬ್ಬಳ್ಳಿಯಿಂದ ಬರುವಾಗ ಹಾವೇರಿಗಿಂತ ಒಂದು ನಿಲ್ದಾಣ ಮೊದಲು ಸಿಗುವ ಊರು. ಇಂದು ಹಾವೇರಿ ತಾಲೂಕಿನ ಒಂದು ಗ್ರಾಮವಾದರೂ ಒಂದು ಕಾಲಕ್ಕೆ ಇಡಿಯ ತಾಲೂಕಿಗೇ ಕರ್ಜಗಿ ತಾಲೂಕೆಂದು ಹೆಸರಿದ್ದಿತು. ಶ್ರೀದವಿಠಲ ಎಂಬ ಅಂಕಿತದಿಂದ ಪದಗಳನ್ನು ರಚಿಸಿದ ಕರ್ಜಗಿ ದಾಸಪ್ಪನವರ ಊರು ಇದೇ. ಸದರ್ನ್ ಮರಾಠಾ ರೈಲ್ವೆಯವರು 1880ರ ದಶಕದಲ್ಲಿ ಈ ಸೀಮೆಯಲ್ಲಿ ಹಳಿ ಹಾಸಿದಂದಿನಿಂದ ಗಾಡಿ ನಿಲ್ಲುವ ಊರು. ಆದರೆ ಸಂಸಾರಸ್ಥರು ಇಳಿದುಕೊಳ್ಳುವಂಥ ವಸತಿಗೃಹವು ಅಲ್ಲಿ ದೊರೆಯಲಿಲ್ಲ. ಆದಕಾರಣ ಹಾವೇರಿಯಲ್ಲಿ ಕೊಠಡಿ ಹಿಡಿದು ದಿನಾಲು ಕರ್ಜಗಿಗೆ ಹೋಗಿ ಬರುವದೆಂದು ಗೊತ್ತಾಯಿತು. ಹಾವೇರಿಯು 1997ರಲ್ಲಿ ಜಿಲ್ಲೆಯ ಮುಖ್ಯ ಸ್ಥಳವಾದ ಮೇಲೆ ಕಚೇರಿಯ ಕೆಲಸಕ್ಕೆ ಬರುವವರು ಹೆಚ್ಚಿ, ಅವರೊಡನೆ ವಸತಿಗೃಹಗಳೂ ಹೆಚ್ಚಿರುವವು.

ಕಚೇರಿಯು ಕೊಡುವ ಭತ್ತೆಯು ಒಬ್ಬನ ವಾಸಕ್ಕೆ ಮಾತ್ರ ಸಾಲುವಂಥದು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋದರೆ ಹೆಚ್ಚಿನ ಕೊಠಡಿಯ ಬಾಡಿಗೆ, ಊಟ, ತಿಂಡಿ, ಎಲ್ಲವೂ ಕೈಯಿಂದ ಹೋಗತಕ್ಕವು. ಇದನ್ನು ಅರಿತೂ ಗೃಹಿಣಿಯು ಹೊರಡಬೇಕೆಂದು ಹಟ ಹಿಡಿದಳು. ಕಾರಣವನ್ನು ಆಕೆಯೇ ನಮಗೆ ಹೇಳಿದಳು. ಎರಡು ವರುಷಗಳಲ್ಲಿ ಯಜಮಾನನು ಮೂರು ಊರುಗಳಲ್ಲಿ ಒಬ್ಬನೇ ಇದ್ದು ಬಂದಿದ್ದನು. ದಿನಾಲು ರಾತ್ರಿ ದೂರವಾಣಿಯಲ್ಲಿ ಮಾತಾಡುವದೇನೋ ಇದ್ದಿತು. ಆದರೆ ಒಂಬತ್ತು ವರ್ಷದ ಮಗನು ತಂದೆಯು ಕೇಳಿದ್ದಕ್ಕೆಲ್ಲ 'ಹ್ಞೂ' ಎಂದು, ಮೂರನೆಯ ಪ್ರಶ್ನೆಗೆ ಯಂತ್ರವನ್ನು ತಾಯಿಯ ಕೈಗೆ ಕೊಟ್ಟು ಓಡಿಹೋಗುತ್ತಿದ್ದನು. ತಂದೆಯು ಊರಿಗೆ ಬಂದ ದಿನವೂ ಅವನು ಹೊರಗೆ ಆಡಲು ಹೋಗಬೇಕಾದರೆ ತಾಯಿಯನ್ನೇ ಕೇಳುವನು. ಎದುರಿಗೆ ಕುಳಿತ ತಂದೆಯನ್ನು ಕೇಳುವದಿಲ್ಲ. ಮಗನಲ್ಲಿ ಸಿಟ್ಟಿರಲಿಲ್ಲ, ಭಯವಿರಲಿಲ್ಲ. ರೂಢಿ ತಪ್ಪಿದ್ದಿತು, ಅಷ್ಟೇ. ಇದು ಸಿಟ್ಟಿಗಿಂತ ಕೆಟ್ಟದ್ದೆಂದು ಆಕೆಗೆ ತೋರಿತು. ನಮಗೂ ಹಾಗೆಯೇ ತೋರುವದು.

ಅಡ್ಡಿ ಬಂದದ್ದು ಅತ್ತೆಯವರಿಂದ. ಎಪ್ಪತ್ತು ದಾಟಿದ ಆ ಹಿರಿಯಳು ಹೊಟೇಲಿನ ಮೆಟ್ಟಿಲು ಹತ್ತಿದವಳಲ್ಲ. "ನೀವು ಹೋಗ್ರಿ ತಂಗೀ, ನಾ ಬರಂಗಿಲ್ಲ. ಯಾರ ಕೈಯಾಗಿನ ಕೂಳೋ ಏನೋ, ನನಗ ಸೇರಂಗಿಲ್ಲ," ಎಂದುಬಿಟ್ಟಳು. ಕೊನೆಗೆ ಆಕೆಯನ್ನು ಮಗಳ ಮನೆಯಲ್ಲಿ ಬಿಟ್ಟು, ಉಳಿದ ನಾಲ್ವರು ಹಾವೇರಿಗೆ ಬಂದಿಳಿದರು.

ಹೊಟೇಲೆಂಬ ಶಬ್ದಕ್ಕೆ ನಮ್ಮ ನಾಡಿನಲ್ಲಿ ಊಟ ತಿಂಡಿಯ ಸ್ಥಳವೆಂದೇ ಅರ್ಥ. ಇಳಿದುಕೊಳ್ಳುವ ಸ್ಥಳವು ಲಾಡ್ಜು. ಇಂಗ್ಲಿಷರ ಶಬ್ದವನ್ನು ನಾವು ಹೊಟ್ಟೆಯ ಕಡೆಗೆ ಎಳೆದುಕೊಂಡಿರುವೆವು, ತಪ್ಪೇನಿಲ್ಲ. ಇವರು ಇಳಿದ ಸ್ಥಳದಲ್ಲಿ ಕೆಳಗೆ ಹೊಟೇಲು, ಮೇಲೆ ಲಾಡ್ಜು. ಮೊದಲ ವಾರವು ಗೃಹಿಣಿಗೆ ಸ್ವರ್ಗವೇ ಆಯಿತು. ನೀರು ತುಂಬುವದಿಲ್ಲ, ಪಾತ್ರೆ ತಿಕ್ಕುವದಿಲ್ಲ, 'ಇಂದು ಏನು ಪಲ್ಯ' ಎಂಬ ಚಿಂತೆಯಿಲ್ಲ. ಹದಿನಾಲ್ಕು ವರ್ಷಗಳ ಸಂಸಾರದಲ್ಲಿ ಆಕೆ ಮೊದಲ ಸಾರೆ ಬೆಳಗಿನ ಎಂಟು ಗಂಟೆಯವರೆಗೆ ಮಲಗಿದಳು. ಎರಡನೆಯ ವಾರಕ್ಕೆ ಸ್ವರ್ಗವು ಬೇಸರವಾಯಿತು. ಒಲೆಯಿಲ್ಲದ ಮನೆಯಲ್ಲಿ ಹೊತ್ತು ಹೋಗುವದಿಲ್ಲ. ಬಿಸಿಲಿಗೆ ಕಾದ ಮಾಳಿಗೆಯ ಕೆಳಗೆ ಪಂಖವು ಬಿಸಿಗಾಳಿಯನ್ನೇ ತಿರುವಿ ಹಾಕುವದು. ಒಗೆದ ಅರಿವೆಗಳನ್ನು ಒಣಹಾಕಲು ಕಿಟಕಿಯ ಸರಳುಗಳೇ ಗತಿ. ಮಕ್ಕಳು ಪಡಸಾಲೆಯಲ್ಲಿ ಓಡಿದರೆ ಪಕ್ಕದ ಕೊಠಡಿಯ ವ್ಯಾಪಾರಿಯು ಬಾಗಿಲು ತೆರೆದು ನೋಡುವನು. ಮಸಾಲೆದೋಸೆ, ಪೂರಿ, ಮಂಚೂರಿಯೆಂದು ಕುಣಿದ ಮಕ್ಕಳ ಹೊಟ್ಟೆಯೂ ಹತ್ತನೆಯ ದಿನಕ್ಕೆ ಕೆಟ್ಟಿತು. ಹೊಟೇಲಿನ ಅಡುಗೆಯಲ್ಲಿ ದೋಷವಿತ್ತೆಂದು ನಾವು ಹೇಳುವದಿಲ್ಲ. ಆ ಅಡುಗೆಯು ಅಪರೂಪಕ್ಕೆ ಬರುವ ನಾಲಗೆಗಾಗಿ ಮಾಡಿದ್ದು. ದಿನಾಲು ಬರುವ ಹೊಟ್ಟೆಗಾಗಿ ಮಾಡಿದ್ದಲ್ಲ.

ಇಲ್ಲಿ ಇವರನ್ನು ಉಳಿಸಿದ್ದು ನಮ್ಮ ನಾಡಿನ ಖಾನಾವಳಿ. ಧಾರವಾಡ, ಹುಬ್ಬಳ್ಳಿ, ಹಾವೇರಿ, ಗದಗಗಳ ಕಡೆಯ ವಾಚಕರಿಗೆ ಇದನ್ನು ಬಣ್ಣಿಸುವ ಅವಶ್ಯವಿಲ್ಲ. ಮೈಸೂರು ಸೀಮೆಯವರಿಗಾಗಿ ನಾಲ್ಕು ಮಾತು. ಮನೆಯಂಥದೇ ಒಂದು ಅಂಕಣ. ಒಳಗೆ ಒಬ್ಬಿಬ್ಬರು ಹೆಂಗಸರು ರೊಟ್ಟಿ ಬಡಿಯುವ ಸಪ್ಪಳ. ತಟ್ಟೆಯಲ್ಲಿ ಬಿಳಿಜೋಳದ ಬಿಸಿ ರೊಟ್ಟಿ, ಎಣಗಾಯಿ ಪಲ್ಯ, ಮೊಳಕೆಕಾಳು, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ, ಮೊಸರು. ಕೊನೆಗೆ ಅನ್ನ ಸಾರು. ಶಾಲೆ ಕಲಿಯಲು ಬಂದ ಹುಡುಗರು, ಹೊಸದಾಗಿ ಕೆಲಸಕ್ಕೆ ಸೇರಿದ ಮಾಸ್ತರರು, ಕಾರಕೂನರು ತಿಂಗಳ ಲೆಕ್ಕದಲ್ಲಿ ಉಣ್ಣುವ ಸ್ಥಳವಿದು. ಗಂಡನನ್ನು ಕಳೆದುಕೊಂಡ ಎಷ್ಟೋ ಹೆಂಗಸರು ಖಾನಾವಳಿ ಇಟ್ಟು ಮಕ್ಕಳನ್ನು ಓದಿಸಿ ದೊಡ್ಡವರನ್ನಾಗಿ ಮಾಡಿರುವದು ನಮ್ಮ ಊರುಗಳಲ್ಲಿ ಎಲ್ಲರೂ ಬಲ್ಲ ಸಂಗತಿ. ಎರಡು ಓಣಿಯಾಚೆಗಿದ್ದ ಇಂತಹ ಒಂದು ಖಾನಾವಳಿಗೆ ಇವರು ಮಧ್ಯಾಹ್ನ ಹೋಗಿ ಉಂಡು, ರಾತ್ರಿಗೆ ಡಬ್ಬಿ ತರಿಸಿಕೊಳ್ಳತೊಡಗಿದರು. ನಾಲ್ಕು ದಿನಕ್ಕೆ ಮಕ್ಕಳ ಹೊಟ್ಟೆಯು ಸರಿಯಾಯಿತು, ಖರ್ಚೂ ಇಳಿಯಿತು.

ಇತ್ತ ಮಗಳ ಮನೆಯಲ್ಲಿದ್ದ ಅಜ್ಜಿಗೆ ಮೊಮ್ಮಕ್ಕಳ ಹಂಬಲ ಹತ್ತಿ, ಮೂರನೆಯ ವಾರಕ್ಕೆ ತಾನೇ ಹೇಳಿಕಳುಹಿಸಿ ಬಂದಳು. ಬರುವಾಗ ಚೀಲದಲ್ಲಿ ಸಣ್ಣದೊಂದು ಒಲೆಯನ್ನೂ ಹಿಟ್ಟಿನ ಡಬ್ಬಿಯನ್ನೂ ತಂದಿದ್ದಳು. ಕೊಠಡಿಯಲ್ಲಿ ಬೆಂಕಿ ಹೊತ್ತಿಸಕೂಡದೆಂದು ಲಾಡ್ಜಿನ ವ್ಯವಸ್ಥಾಪಕನು ತಡೆದನು. ಅವನ ಮಾತು ನ್ಯಾಯದ್ದೇ. ಹಾಸಿಗೆ ಪರದೆಗಳ ನಡುವೆ ಒಲೆ ಹೂಡಿ ಅನಾಹುತ ಮಾಡಿಕೊಂಡವರಿದ್ದಾರೆ. ಅಜ್ಜಿಯು ಎರಡು ದಿನ ಬಾಳೆಯಹಣ್ಣು, ಹಾಲಿನ ಮೇಲೆ ಕಳೆದಳು.

ಈ ಹಟವನ್ನು ನಗುವದು ಸುಲಭ. ಆದರೆ ಅದರ ಹಿಂದಿನ ಕಥೆಯು ನಗುವಂಥದಲ್ಲ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ನಮ್ಮ ನಾಡಿನ ಫಲಾಹಾರ ಮಂದಿರಗಳು ಹುಟ್ಟಿದ್ದೇ ಜಾತಿಯ ಬೋರ್ಡನ್ನು ತೂಗಹಾಕಿಕೊಂಡು. ಅಡುಗೆಯವನು ಬ್ರಾಹ್ಮಣನೆಂದು ಸಾರಿದರೆ ಗಿರಾಕಿಗೆ ಧೈರ್ಯ. ಅಷ್ಟು ಸಾಲದೆಂದು ಕೂಡ್ರುವ ಸಾಲನ್ನೂ ಬೇರೆ ಮಾಡಿದ ಸ್ಥಳಗಳಿದ್ದವು. ದಲಿತರಿಗೆ ಒಳಗೆ ಪ್ರವೇಶವೇ ಇಲ್ಲ. ಹೊರಗೆ ನಿಂತು, ಬೇರೆ ಇಟ್ಟ ಬಟ್ಟಲಲ್ಲಿ ಚಹ ಕುಡಿಯಬೇಕು. ಜನವರಿ 26, 1950ರಂದು ಜಾರಿಗೆ ಬಂದ ಸಂವಿಧಾನವು ತನ್ನ 15ನೆಯ ವಿಧಿಯಲ್ಲಿ ಅಂಗಡಿ, ಹೊಟೇಲು, ಬಾವಿ, ಕೆರೆಗಳ ಹೆಸರು ಹಿಡಿದು, ಜಾತಿಯ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ವಿಧಿಸಿತು. 17ನೆಯ ವಿಧಿಯು ಅಸ್ಪೃಶ್ಯತೆಯನ್ನೇ ತೊಡೆದುಹಾಕಿತು. 1955ರ ಕಾಯಿದೆಯಿಂದ ಅದರ ಆಚರಣೆಯು ಶಿಕ್ಷಾರ್ಹ ಅಪರಾಧವಾಯಿತು. ಒಂದು ರಾಷ್ಟ್ರದ ಮೂಲ ಶಾಸನದಲ್ಲಿ ಹೊಟೇಲಿನ ಮಾತನ್ನು ಬರೆಯಬೇಕಾಗಿ ಬಂದಿತೆಂದರೆ ಆ ಬಾಗಿಲಲ್ಲಿ ಎಷ್ಟು ಮಂದಿ ಅವಮಾನ ಉಂಡಿರಬೇಕೆಂಬದನ್ನು ವಾಚಕರೇ ಊಹಿಸಬೇಕು. ಅಜ್ಜಿಯ ಮಡಿಯು ಆಕೆಯ ಪಾಲಿಗೆ ಬಾಲ್ಯದಲ್ಲಿ ಕಲಿತ ಶುಚಿತ್ವ. ಬಾಗಿಲ ಹೊರಗೆ ನಿಂತವನಿಗೆ ಅದೇ ಬೇರೆಯಾಗಿ ಕಂಡಿತು. ಎರಡೂ ನಿಜ.

ಮೂರನೆಯ ದಿನ ಸೊಸೆಯು ಅತ್ತೆಯನ್ನು ಖಾನಾವಳಿಗೆ ಕರೆದೊಯ್ದಳು—ಉಣ್ಣಲಿಕ್ಕಲ್ಲ, ಒಲೆಯ ಮೂಲೆಯಲ್ಲಿ ತನ್ನೆರಡು ರೊಟ್ಟಿಯನ್ನು ತಾನೇ ಬೇಯಿಸಿಕೊಳ್ಳಲಿ ಎಂದು. ಒಡತಿಯು ಒಪ್ಪಿಕೊಂಡಳು. ಅಜ್ಜಿಯು ಕುಳಿತವಳೇ, "ನಿಮ್ಮದು ಯಾವ ಪೈಕಿವಾ?" ಎಂದು ಕೇಳಿದಳು. "ಹಸದ ಬಂದವರಿಗೆ ರೊಟ್ಟಿ ಬಡಿಯೋರ ಪೈಕಿ ರೀ ಅಮ್ಮಾ," ಎಂದು ಉತ್ತರ ಬಂದಿತು. ಅಜ್ಜಿಯು ಮತ್ತೆ ಕೇಳಲಿಲ್ಲ. ಐದಾರು ದಿನ ತನ್ನ ಹಿಟ್ಟಿನಲ್ಲಿ ತಾನೇ ಬಡಿದುಕೊಂಡಳು. ಆಮೇಲೆ ಹಿಟ್ಟಿನ ಡಬ್ಬಿಯನ್ನು ಒಯ್ಯುವದನ್ನು ಬಿಟ್ಟಳು. ಕೊನೆಕೊನೆಗೆ ಮಧ್ಯಾಹ್ನದ ಗದ್ದಲದಲ್ಲಿ ಇತರರಿಗಾಗಿಯೂ ನಾಲ್ಕು ರೊಟ್ಟಿ ಬಡಿದು ಕೊಡುತ್ತಿದ್ದಳು. ಆಕೆಯ ಮಡಿಯು ಪೂರ್ತಿ ಹೋಯಿತೆಂದಲ್ಲ. ಕೆಳಗಿನ ಹೊಟೇಲಿನ ನೀರನ್ನು ಆಕೆ ಕೊನೆಯವರೆಗೂ ಮುಟ್ಟಲಿಲ್ಲ.

ಮಕ್ಕಳ ವಿಷಯ. ಹಾವೇರಿಯ ಏಲಕ್ಕಿ ಹಾರವು ಪ್ರಸಿದ್ಧವಾದದ್ದು. ಮಲೆನಾಡಿನ ಏಲಕ್ಕಿಯನ್ನು ಇಲ್ಲಿಗೆ ತಂದು ಬಾವಿಯ ನೀರಿನಲ್ಲಿ ತೊಳೆದು ಹದಮಾಡಿ ಮಾರುವ ವ್ಯಾಪಾರವು ಹಿಂದೆ ಜೋರಾಗಿದ್ದಿತು. ವ್ಯಾಪಾರದ ಆ ವೈಭವವು ಹೋದರೂ ಹಾರ ಕಟ್ಟುವ ಕೈಗಳು ಉಳಿದುಕೊಂಡಿವೆ. ಮಗಳು ಅಲ್ಲಿ ಕುಳಿತು, ಏಲಕ್ಕಿಯನ್ನು ಒಡೆಯದೆ ಸೂಜಿ ದಾಟಿಸುವದನ್ನು ತಾಸುಗಟ್ಟಲೆ ನೋಡುತ್ತಿದ್ದಳು. ಒಂದು ಸೋಮವಾರ ಬ್ಯಾಡಗಿಯ ಪೇಟೆಗೆ ಹೋದರು. ಸೋಮವಾರ, ಗುರುವಾರ ಅಲ್ಲಿ ಮೆಣಸಿನಕಾಯಿಯ ಸಂತೆ. ಕಣ್ಣು ಹರಿಯುವವರೆಗೆ ಕೆಂಪು ಚೀಲಗಳು. ಸುಕ್ಕುಗಟ್ಟಿದ ಸಿಪ್ಪೆಯ ಆ ಕಾಯಿಗೆ ಖಾರ ಕಡಿಮೆ, ಬಣ್ಣ ಬಹಳ. ಅದರಿಂದ ತೆಗೆದ ಬಣ್ಣವು ತಿನಿಸುಗಳಿಗೂ ತುಟಿಗೆ ಹಚ್ಚುವ ರಂಗಿಗೂ ಸೇರುವದು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ದೊರೆತಿದೆ. ಮಕ್ಕಳಿಗೆ ಇದೆಲ್ಲಕ್ಕಿಂತ ಸೀನಿದ್ದೇ ನೆನಪು. ಬಂಕಾಪುರದ ಕೋಟೆಯೊಳಗಿನ ಅರವತ್ತು ಕಂಬದ ಗುಡಿ, ಅಲ್ಲಿಯ ನವಿಲುಗಳು, ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥ—ಇವೂ ಆದವು. ಆ ಗಳಗನಾಥ ಊರಿನವರೇ 'ಗಳಗನಾಥ'ರೆಂದು ಹೆಸರಾದ ವೆಂಕಟೇಶ ತಿರಕೋ ಕುಲಕರ್ಣಿಯವರು. 1907ರಲ್ಲಿ ಹಾವೇರಿಯ ಸಮೀಪದ ಅಗಡಿಯಿಂದ ಹೊರಟ 'ಸದ್ಬೋಧ ಚಂದ್ರಿಕೆ'ಯನ್ನು ನಡೆಸಿದವರು, ಕಾದಂಬರಿಗಳನ್ನು ಬರೆದು ತಾವೇ ಹೊತ್ತು ಮನೆಮನೆಗೆ ಮುಟ್ಟಿಸಿದವರು. ನಮ್ಮಂತಹ ಮಾಸಪತ್ರಿಕೆಯವರು ಆ ಊರಿನ ಹೆಸರನ್ನು ಸುಮ್ಮನೆ ದಾಟಿ ಹೋಗಲಾರೆವು.

ಆದರೆ ಮಗನ ಮನಸ್ಸನ್ನು ತಿರುಗಿಸಿದ್ದು ಇವಾವವೂ ಅಲ್ಲ. ಒಂದು ಮುಂಜಾನೆ ತಂದೆಯು ಅವನನ್ನು ಕರ್ಜಗಿಗೆ ಕರೆದುಕೊಂಡು ಹೋದನು. ನಿಲ್ದಾಣದ ನೆರಳಿನಲ್ಲಿ ಕುಳಿತು ಹುಡುಗನು ನೋಡಿದನು: ತನ್ನ ತಂದೆಯು ಹಳಿಯ ಮಟ್ಟವನ್ನು ಅಳೆಯಿಸುವದು, ಅವನು ಕೈಯೆತ್ತಿದರೆ ಇಪ್ಪತ್ತು ಜನ ನಿಲ್ಲುವದು, ತಪ್ಪಿದ ಕೆಲಸವನ್ನು ಬೈಯದೆ ಮತ್ತೊಮ್ಮೆ ಮಾಡಿಸುವದು, ಮಧ್ಯಾಹ್ನ ಆ ಜನರೊಡನೆಯೇ ಬುತ್ತಿ ಬಿಚ್ಚಿ ಉಣ್ಣುವದು. ಹಳಿಗಳ ನಡುವೆ ಅಷ್ಟೇ ಅಂತರವೇಕೆ, ಜಲ್ಲಿಯೇಕೆ, ಬೇಸಿಗೆಯಲ್ಲಿ ಕಬ್ಬಿಣ ಹಿಗ್ಗಿದರೆ ಏನು ಗತಿ—ಪ್ರಶ್ನೆಗಳು ಅಂದು ಮೊದಲಾದವು. ಆಮೇಲೆ ವಾರದಲ್ಲಿ ಎರಡು ದಿನ ಹುಡುಗನು ಕರ್ಜಗಿಗೆ ಹೋಗುವದು ವಾಡಿಕೆಯಾಯಿತು. ಐದನೆಯ ವಾರದಲ್ಲೊಂದು ಸಂಜೆ, ಲಾಡ್ಜಿನ ಕೆಳಗೆ ಆಡಲು ಹೋಗಲೇ ಎಂದು ಅವನು ತಂದೆಯನ್ನು ಕೇಳಿದನು. ಗೃಹಿಣಿಯು ಅರಿವೆ ಮಡಚುತ್ತಿದ್ದವಳು ತಲೆ ಎತ್ತಲಿಲ್ಲವಂತೆ; ಎತ್ತಿದರೆ ಎಲ್ಲಿ ಕೆಟ್ಟೀತೋ ಎಂದು.

ಖರ್ಚಿನ ಮಾತನ್ನು ಮುಚ್ಚಿಡುವದಿಲ್ಲ. ಏಳು ವಾರಗಳಲ್ಲಿ, ಮನೆಗೊಂದು ಶೀತಕ ಯಂತ್ರ ಕೊಳ್ಳಲೆಂದು ಕೂಡಿಟ್ಟ ಹಣ ಕರಗಿತು. ದಿನದ ದರಕ್ಕೆ ಬದಲಾಗಿ ತಿಂಗಳ ದರವನ್ನು ಮೊದಲೇ ಮಾತಾಡಿಕೊಂಡಿದ್ದರೆ ಬಹಳಷ್ಟು ಉಳಿಯುತ್ತಿದ್ದಿತೆಂದು ಯಜಮಾನನ ಅಭಿಪ್ರಾಯ. ಮೂಲೆಯ ಕೊಠಡಿ, ಪಡುವಣ ಬಿಸಿಲು ಬೀಳದ ಗೋಡೆ, ಅರಿವೆ ಒಣಗಿಸಲು ಮಾಳಿಗೆಯ ಅಪ್ಪಣೆ—ಈ ಮೂರನ್ನು ಮೊದಲ ದಿನವೇ ಕೇಳಿಕೊಳ್ಳಬೇಕೆಂದು ಗೃಹಿಣಿಯ ಅಭಿಪ್ರಾಯ. ಮಕ್ಕಳಿದ್ದವರಿಗೆ ಕೆಳಗಿನ ಹೊಟೇಲಿಗಿಂತ ಹತ್ತಿರದ ಖಾನಾವಳಿ ಯಾವದೆಂಬ ವಿಚಾರಣೆಯೇ ಮೊದಲಿನದಾಗಬೇಕೆಂದು ನಮ್ಮ ಅಭಿಪ್ರಾಯ.

ಮೇ ತಿಂಗಳ ಕೊನೆಗೆ ಶಾಲೆ ತೆರೆಯುವ ಹೊತ್ತಾಗಿ ತಾಯಿ, ಮಕ್ಕಳು, ಅಜ್ಜಿ ವಿಜಾಪುರಕ್ಕೆ ಮರಳಿದರು. ಯಜಮಾನನು ಇನ್ನೂ ಒಂದು ತಿಂಗಳು ಉಳಿಯಬೇಕಾಯಿತು. ಕರ್ಜಗಿಯ ಕಾರಹುಣ್ಣಿಮೆಯೆಂದರೆ ಸುತ್ತಿನ ಹಳ್ಳಿಗಳಿಗೆಲ್ಲ ದೊಡ್ಡ ಹಬ್ಬ. ಅಂದು ಅವನೊಬ್ಬನೇ ಜನಸಂದಣಿಯಲ್ಲಿ ನಿಂತು ನೋಡಿ, ರಾತ್ರಿ ಮಗನಿಗೆ ದೂರವಾಣಿಯಲ್ಲಿ ಸಿಂಗರಿಸಿದ ಎತ್ತುಗಳನ್ನೂ ಬಂಡಿಗಳನ್ನೂ ಬಣ್ಣಿಸಿದನು. ಮಾತು ಅರ್ಧ ತಾಸು ನಡೆಯಿತೆಂದೂ, ಅದರಲ್ಲಿ ತನ್ನ ಪಾಲಿಗೆ ಒಂದು ನಿಮಿಷವೂ ಬರಲಿಲ್ಲವೆಂದೂ ಗೃಹಿಣಿಯು ನಮ್ಮೆದುರಿಗೆ ದೂರಿಕೊಂಡಳು.